ಬೋಸ್ 901 ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿನ ಡಬ್ಬಿ ಇಳಿಸಿ

ಸರ್, ಮಾವನವರಿಂದ ಬಂದ ಬೋಸ್ 901 ಸೀರೀಸ್ 4 ಸ್ಪೀಕರ್ ಜೋಡಿಯಲ್ಲಿ ಬೇಸೂ ಇಲ್ಲ, ಟ್ರೆಬಲೂ ಇಲ್ಲ, ಕೋನ್ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತೆ, ಗುಜರಿಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಜೊತೆಗೆ ಬಂದ ಒಂದು ಡಬ್ಬಿ ಅಟ್ಟದ ಮೇಲಿದೆ ಅಂದಿದ್ದೀರಲ್ಲ, ಅದೇ ಈಕ್ವಲೈಜರ್, ಅಂದರೆ ಬೇಸ್, ಟ್ರೆಬಲ್ ಹದ ಮಾಡುವ ಪೆಟ್ಟಿಗೆ. ಮೊದಲು ಅದನ್ನು ಇಳಿಸಿ.

ಅದು ಹೆಚ್ಚುವರಿ ಸಾಮಾನಲ್ಲ, ಸ್ಪೀಕರಿನ ಅರ್ಧ ಭಾಗ. ಅಮರ್ ಬೋಸ್ ಯೋಚಿಸಿದ್ದೇ ಹಾಗೆ. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದವರು. ತಂದೆ ಬ್ರಿಟಿಷರಿಂದ ತಪ್ಪಿಸಿಕೊಂಡು ಬಂಗಾಳ ಬಿಟ್ಟ ಸ್ವಾತಂತ್ರ್ಯ ಹೋರಾಟಗಾರ. ಹುಡುಗನಾಗಿದ್ದಾಗಲೇ ರೇಡಿಯೋ ರಿಪೇರಿ ಮಾಡಿ ಮನೆಗೆ ಆಸರೆಯಾದರು. 1956ರಲ್ಲಿ ಎಂಐಟಿಯಲ್ಲಿದ್ದಾಗ ಕೊಂಡ ಸ್ಟೀರಿಯೋ ಕಾಗದದ ಮೇಲೆ ಚೆನ್ನಾಗಿತ್ತು, ಕಿವಿಗೆ ಹಿಡಿಸಲಿಲ್ಲ. ಸಂಗೀತ ಸಭಾಂಗಣದಲ್ಲಿ ನಮಗೆ ಕೇಳುವುದರಲ್ಲಿ ಬಹುಪಾಲು ಗೋಡೆ, ಸೂರಿಗೆ ಬಡಿದು ಬಂದ ನಾದ. ಅದನ್ನು ಮನೆಯೊಳಗೆ ತರಬೇಕು ಅನ್ನುವುದೇ ಅವರ ಹಟ. 1964ರಲ್ಲಿ ಕಂಪನಿ ಕಟ್ಟಿದರು. ಸದ್ದು ಹೊರಡಿಸುವ 22 ಕೋನ್ ಘಟಕ, ಅಂದರೆ ಡ್ರೈವರ್‌ಗಳ ಮೊದಲ ಸ್ಪೀಕರ್ 2201 ಮಾರುಕಟ್ಟೆಯಲ್ಲಿ ಸೋತಿತು, ಆದರೂ ಬಿಡಲಿಲ್ಲ. 1968ರಲ್ಲಿ 901 ಬಂತು: ನಾಲ್ಕೂವರೆ ಇಂಚಿನ ಒಂಬತ್ತು ಡ್ರೈವರ್, ಒಂದು ನಿಮ್ಮ ಕಡೆ, ಎಂಟು ಗೋಡೆ ಕಡೆ. ಬೇಸಿಗೆ ಬೇರೆ ವೂಫರ್ ಇಲ್ಲ, ಟ್ರೆಬಲಿಗೆ ಬೇರೆ ಟ್ವೀಟರ್ ಇಲ್ಲ. ಎರಡೂ ತುದಿಯನ್ನು ಎತ್ತಿ ಕೊಡುವುದು ಆ ಡಬ್ಬಿಯ ಕೆಲಸ. ಅದಿಲ್ಲದೆ ಕೇಳಿ 901 ಚೆನ್ನಾಗಿಲ್ಲ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತೆ.

ಆಂಪ್ಲಿಫೈಯರಿನಲ್ಲಿ ಟೇಪ್ ಮಾನಿಟರ್ (ಟೇಪ್ ರೆಕಾರ್ಡರ್ ಜೋಡಿಸುವ ಸಾಕೆಟ್) ಇದ್ದರೆ ಡಬ್ಬಿಯನ್ನು ಅಲ್ಲಿ ಜೋಡಿಸಿ, ಅದರ ಸ್ವಿಚ್ ಹಾಕಿ. ಇಲ್ಲದಿದ್ದರೆ ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ಹಾಕಬಹುದು. ಸ್ಪೀಕರ್ ವೈರಿಗೆ ಮಾತ್ರ ಯಾವತ್ತೂ ಬೇಡ. ಡಬ್ಬಿಯ ಮೇಲೂ ಸೀರೀಸ್ 4 ಅಂತಲೇ ಇರಲಿ. ಲೌಡ್‌ನೆಸ್ ಸ್ವಿಚ್ ಆಫ್ ಮಾಡಿ, ಅದೂ ಬೇಸ್ ಎತ್ತುತ್ತೆ, ಡಬ್ಬಿ ಬೇಸನ್ನು ಈಗಾಗಲೇ ಸಾಕಷ್ಟು ಎತ್ತಿರುತ್ತೆ.

ಇನ್ನು ಫೋಮ್. ಆ ಕಾಲದ ಫೋಮ್ ಯಾವ ಕಂಪನಿಯದಾದರೂ ವಯಸ್ಸಾದ ಮೇಲೆ ಪುಡಿಯಾಗುತ್ತೆ. ಜೋಡಿಗೆ 18 ಹೊಸ ಫೋಮ್ ರಿಂಗ್ ಬೇಕು. ಯಾರೋ ಬೇರೆ ಡ್ರೈವರ್ ಹಾಕಿ ಅಂದಿದ್ದಾರೆ, ಆ ಸಲಹೆ ತಪ್ಪು. ನಿಮ್ಮದರಲ್ಲಿ ಡ್ರೈವರ್ ಒಂದೊಂದೂ ಸುಮಾರು 1 ಓಮ್ (ವಿದ್ಯುತ್ ತಡೆಯ ಅಳತೆ), ಒಂಬತ್ತೂ ಒಂದರ ಹಿಂದೊಂದು ಸರಣಿಯಾಗಿ ಜೋಡಣೆಯಾಗಿವೆ. ಅಂಗಡಿಯ 8 ಓಮಿನ ಡ್ರೈವರ್ ಒಂಬತ್ತು ಹಾಕಿದರೆ 72 ಓಮ್ ಆಗುತ್ತೆ, ಸದ್ದೇ ಏಳಲ್ಲ. ಒಂದು ಡ್ರೈವರಿನ ಕಾಯಿಲ್ (ಒಳಗಿನ ತಂತಿ ಸುರುಳಿ) ಕಡಿದರೂ ಇಡೀ ಪೆಟ್ಟಿಗೆ ಮೌನವಾಗುವುದೂ ಇದೇ ಕಾರಣಕ್ಕೆ. ಹಾಗಾಗಿ ಅಂಟು ಮುಟ್ಟುವ ಮುಂಚೆ ಪ್ರತಿಯೊಂದನ್ನೂ ಮಲ್ಟಿಮೀಟರಿನಲ್ಲಿ ನೋಡಿ. ಬಿಚ್ಚುವಾಗ ಫೋಟೋ ತೆಗೆದು ಪ್ಲಸ್, ಮೈನಸ್ ಗುರುತು ಹಾಕಿ.

ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಮೆಲ್ಲಗೆ ಕೆರೆಯಿರಿ, ಥಿನ್ನರ್ ಬೇಡ. ರಿಂಗನ್ನು ಮೊದಲು ಕೋನಿಗೆ ಅಂಟಿಸಿ, ಪೂರ್ತಿ ಒಣಗಲು ಬಿಡಿ, ಆಮೇಲೆ ಫ್ರೇಮಿಗೆ. ನಾನು ಮೊದಲನೆಯದನ್ನು ಒಂದೇ ಸಲಕ್ಕೆ ಎರಡೂ ಕಡೆ ಅಂಟಿಸಿದ್ದೆ. ಮಾರನೇ ದಿನ ಕೋನನ್ನು ಎರಡು ಹೆಬ್ಬೆರಳಲ್ಲಿ ಒತ್ತಿದರೆ ಸಣ್ಣ ಮರಳು ಉಜ್ಜಿದಂತೆ ಸರಸರ ಅಂತು. ಕಾಯಿಲ್ ಅಯಸ್ಕಾಂತಕ್ಕೆ ತಾಗುತ್ತಿತ್ತು. ಬಿಚ್ಚಿ ಮತ್ತೆ ಮಾಡಬೇಕಾಯಿತು. ಫ್ರೇಮಿಗೆ ಕೂರಿಸುವಾಗ ಅಂಟು ಹಸಿ ಇರುವಾಗಲೇ ಹೀಗೆ ಒತ್ತಿ ನೋಡುತ್ತಾ, ಸದ್ದು ನಿಲ್ಲುವವರೆಗೆ ರಿಂಗನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ. ದಿನಕ್ಕೆ ಎರಡೋ ಮೂರೋ ಮಾಡಿದರೆ ಸಾಕು.

ಎಲ್ಲಾ ಮುಗಿದ ಮೇಲೆ ಹಿಂದಿನ ಗೋಡೆಯಿಂದ ಒಂದು, ಒಂದೂವರೆ ಅಡಿ ದೂರ ಇಡಿ. ಆ ಗೋಡೆಗೆ ದಪ್ಪ ಪರದೆ ಇದ್ದರೆ ತೆಗೆಯಿರಿ, ಎಂಟು ಡ್ರೈವರ್ ಹಾಡುವುದು ಆ ಗೋಡೆಗೇ. ಮೀಟರಿನಲ್ಲಿ ಯಾವುದಾದರೂ ಓಪನ್, ಅಂದರೆ ಕಾಯಿಲ್ ಕಡಿದಿದೆ ಅಂತ, ತೋರಿಸಿದರೆ ಫೋಟೋ ಹಾಕಿ, ನೋಡೋಣ.