ಐಎಸ್‌ಒ ಸರ್ಟಿಫಿಕೇಟ್‌ಗೆ ಹಾಕಿದ ದುಡ್ಡು ವಾಪಸ್ ಬಂತಾ ಅಂತ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ಸರ್, ನಮ್ ಕಂಪನಿಗೆ ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್) ಸರ್ಟಿಫಿಕೇಟ್ ಬಂದು ಎರಡು ವರ್ಷ ಆಯ್ತು. ಸೇಲ್ಸ್ ಏರಿದೆ, ಆದ್ರೆ ಕಸ್ಟಮರ್ ಕಂಪ್ಲೇಂಟ್‌ಗಳೂ ಏರಿವೆ. ನಿಜವಾಗ್ಲೂ ಲಾಭ ಆಗಿದ್ಯಾ, ಲೆಕ್ಕ ತೋರ್ಸಿ ಅಂತ ಎಂಡಿ ಕೇಳ್ತಿದಾರೆ. ಏನು ತೋರ್ಸಲಿ?

ಉತ್ತರ: ಮೊದ್ಲು ಆ ಕಂಪ್ಲೇಂಟ್ ವಿಷ್ಯ ಹೇಳ್ತೀನಿ, ಯಾಕಂದ್ರೆ ಎಷ್ಟೋ ಕಡೆ ಇದನ್ನ ನೋಡಿ ಗಾಬರಿಯಾಗಿ ಸಿಸ್ಟಮ್ಮೇ ದಂಡ ಅಂದುಬಿಡ್ತಾರೆ. ಮುಂಚೆ ಫೋನಲ್ಲೇ ಮಾತಾಡಿ ಮುಗಿಸ್ತಿದ್ದ ದೂರುಗಳೆಲ್ಲ ಈಗ ರಿಜಿಸ್ಟರ್‌ಗೆ ಬೀಳ್ತಿರಬಹುದು, ಆಗ ಸಂಖ್ಯೆ ಏರೋದು ಸಹಜ. ಅದರ ಬದ್ಲು ಅಕೌಂಟ್ಸ್‌ನಲ್ಲಿ ಮುಂಚೆಯಿಂದಲೂ ಬರೆದಿಟ್ಟಿರೋದನ್ನ ತೆಗೀರಿ: ವಾಪಸ್ ಬಂದ ಮಾಲು, ಕ್ರೆಡಿಟ್ ನೋಟ್ (ಬಿಲ್‌ನಲ್ಲಿ ಕಸ್ಟಮರ್‌ಗೆ ಬಿಟ್ಟುಕೊಟ್ಟ ಮೊತ್ತ), ವಾರಂಟಿ ಖರ್ಚು, ಗುಜರಿಗೆ ಹೋದ ಸ್ಕ್ರ್ಯಾಪ್, ರೀವರ್ಕ್‌ಗೆ (ಕೆಟ್ಟ ಮಾಲನ್ನ ಮತ್ತೆ ಸರಿಮಾಡೋದಕ್ಕೆ) ಕೊಟ್ಟ ಓವರ್‌ಟೈಮ್. ಸರ್ಟಿಫಿಕೇಟ್‌ಗೆ ತಯಾರಿ ಶುರು ಮಾಡೋಕೂ ಹಿಂದಿನ ಎರಡು ವರ್ಷದಿಂದ ಹಿಡಿದು ಇವತ್ತಿನವರೆಗೆ, ಸೇಲ್ಸ್‌ನ ಶೇಕಡಾವಾರು ಲೆಕ್ಕದಲ್ಲಿ ನೋಡಿ. ಅದು ಇಳಿದಿದ್ರೆ ಅದೇ ನಿಮ್ಮ ಉಳಿತಾಯ. ಜೊತೆಗೆ ಇನ್ನೊಂದು, ಒಂದೇ ಕಾರಣದ ಕಂಪ್ಲೇಂಟ್ ಸರಿಪಡಿಸಿದ ಮೇಲೂ ಮತ್ತೆ ಬರ್ತಿದ್ಯಾ? ಬರ್ತಿದೆ ಅಂದ್ರೆ ನಿಮ್ಮ ಕರೆಕ್ಟಿವ್ ಆಕ್ಷನ್ (ತಪ್ಪಿನ ಮೂಲ ಕಾರಣವನ್ನೇ ತೆಗೆಯೋ ಕ್ರಮ) ಬರೀ ಪೇಪರ್ ಮೇಲಿದೆ, ಅದು ಚಿಂತೆ ಮಾಡ್ಬೇಕಾದ ವಿಷ್ಯ.

ಈ ಉಳಿತಾಯದ ಎದುರಿಗೆ ಖರ್ಚನ್ನೂ ಪ್ರಾಮಾಣಿಕವಾಗಿ ಇಡಿ. ಆಡಿಟ್ ಫೀಸು, ಕನ್ಸಲ್ಟೆಂಟು, ಟ್ರೈನಿಂಗು ಎಲ್ಲರೂ ಬರೀತಾರೆ, ಆದ್ರೆ ಫಾರ್ಮ್ ತುಂಬೋದಕ್ಕೆ ನಿಮ್ ಜನ ಕೊಡೋ ಗಂಟೆಗಳನ್ನ ಯಾರೂ ಬರೆಯಲ್ಲ.

ಸೇಲ್ಸ್ ಏರಿಕೆಯನ್ನ ಮಾತ್ರ ಹಾಗೇ ಸರ್ಟಿಫಿಕೇಟ್ ಖಾತೆಗೆ ಹಾಕ್ಬೇಡಿ. ಮಾರ್ಕೆಟ್ಟೇ ಬೆಳೆದಿರಬಹುದು, ಅಥವಾ ಮೊದಲಿಂದ್ಲೂ ಚೆನ್ನಾಗಿ ನಡೀತಿರೋ ಕಂಪನಿಗಳೇ ಸರ್ಟಿಫಿಕೇಟ್ ತಗೊಳ್ಳೋದು ಜಾಸ್ತಿ ಅನ್ನೋದೂ ಇರುತ್ತೆ. ಅದಕ್ಕೇ ಸಂಶೋಧಕ ಚಾರ್ಲ್ಸ್ ಕಾರ್ಬೆಟ್ ಮತ್ತವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಸರ್ಟಿಫೈಡ್ ಕಂಪನಿಗಳನ್ನ ಅದೇ ಥರದ, ಸರ್ಟಿಫಿಕೇಟ್ ಇಲ್ಲದ ಕಂಪನಿಗಳ ಜೊತೆ ಹೋಲಿಸಿದ್ರು. ಸರ್ಟಿಫೈಡ್ ಕಂಪನಿಗಳೇ ಮುಂದಿದ್ವು, ಆದ್ರೆ ಆ ಅಂತರಕ್ಕೆ ದೊಡ್ಡ ಕಾರಣ ಸರ್ಟಿಫಿಕೇಟ್ ಇಲ್ಲದವು ಕುಸಿದಿದ್ದು. ಅಂದ್ರೆ ನಿಮ್ ಕಂಪನಿಯ ಹಿಂದಿನ ವರ್ಷ, ಈ ವರ್ಷ ಮಾತ್ರ ನೋಡಿದ್ರೆ ಲಾಭ ಕಣ್ಣಿಗೇ ಬೀಳದೆ ಹೋಗಬಹುದು. ನಿಮ್ಮಲ್ಲಿ ಸರ್ಟಿಫಿಕೇಟ್ ಸ್ಕೋಪ್‌ಗೆ (ಅದು ಅನ್ವಯಿಸೋ ವ್ಯಾಪ್ತಿಗೆ) ಸೇರದ ಘಟಕ ಅಥವಾ ಪ್ರಾಡಕ್ಟ್ ಲೈನ್ ಇದ್ರೆ ಅದನ್ನೇ ಹೋಲಿಕೆಗೆ ಇಟ್ಕೊಳ್ಳಿ, ಇಲ್ಲಾಂದ್ರೆ ನಿಮ್ ಉದ್ಯಮದ ಸರಾಸರಿ ಬೆಳವಣಿಗೆ. ಸರ್ಟಿಫಿಕೇಟ್ ಕಡ್ಡಾಯ ಅಂತ ಹೇಳಿದ ಕಸ್ಟಮರ್‌ಗಳಿಂದ ಬಂದ ಆರ್ಡರ್‌ಗಳನ್ನ ಬೇರೆ ಸಾಲಲ್ಲಿ ಬರೀರಿ, ಅದೊಂದು ನೇರ ಲಾಭ.

ಆಡಿಟ್ ಕ್ಲೀನಾಗಿ ಪಾಸಾಯ್ತು ಅನ್ನೋದನ್ನ ಎಂಡಿ ಮುಂದೆ ಲಾಭ ಅಂತ ಇಡ್ಬೇಡಿ. ಆಡಿಟರ್ ನೋಡೋದು ಸ್ಟ್ಯಾಂಡರ್ಡ್ ಪ್ರಕಾರ ನಡೀತಿದ್ಯಾ ಅಂತ, ನಿಮ್ ಜೇಬು ತುಂಬ್ತಾ ಅಂತಲ್ಲ. ಸರ್ಟಿಫಿಕೇಟ್ ಅವಧಿ ಮೂರು ವರ್ಷ, ಅಂದ್ರೆ ಮುಂದಿನ ವರ್ಷ ರೀಸರ್ಟಿಫಿಕೇಶನ್ ಬರುತ್ತೆ. ಅದಕ್ಕೆ ದುಡ್ಡು ಕೊಡೋ ಮುಂಚೆ ಈ ಲೆಕ್ಕ ಮ್ಯಾನೇಜ್‌ಮೆಂಟ್ ರಿವ್ಯೂನಲ್ಲಿ (ಸಿಸ್ಟಮ್ ಹೇಗೆ ನಡೀತಿದೆ ಅಂತ ಮೇಲಿನವರು ಕೂತು ನೋಡೋ ಸಭೆಯಲ್ಲಿ) ಟೇಬಲ್ ಮೇಲೆ ಇರಲಿ.