ಟೀಚರ್ ಆಗಿದ್ದವರು ಇಲ್ಲಿ ಇನ್‌ಸ್ಟ್ರಕ್ಷನಲ್ ಡಿಸೈನ್‌ಗೆ ಬರಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಭಾರತದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದಿರಿ. ಗಂಡನ ಕೆಲಸದ ಜೊತೆ ಅಮೆರಿಕಕ್ಕೆ ಬಂದು ಕೆಲವು ತಿಂಗಳಾಗಿದೆ, ಮನೆಯಲ್ಲಿ ಕೂತು ಬೇಜಾರು. ಕಂಪನಿಗಳಿಗೆ ಟ್ರೈನಿಂಗ್ ಕೋರ್ಸ್ ತಯಾರಿಸುವ ಇನ್‌ಸ್ಟ್ರಕ್ಷನಲ್ ಡಿಸೈನ್ ಕಲಿತರೆ ಕೆಲಸ ಸಿಗುತ್ತಾ, ಯಾವ ಸಾಫ್ಟ್‌ವೇರ್ ಕಲಿಯಬೇಕು, ಮತ್ತೆ ಮಾಸ್ಟರ್ಸ್ ಮಾಡಬೇಕಾ ಅಂತ ಕೇಳಿದ್ದೀರಿ. ಅಕ್ಕಾ ಅಂತ ಬೇರೆ ಕರೆದಿದ್ದೀರಿ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ.

ಮೊದಲು ವೀಸಾ ವಿಷಯ ಮುಗಿಸೋಣ. ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ವೀಸಾ. ಅದರಲ್ಲಿ ಓದಲು ಅಡ್ಡಿಯಿಲ್ಲ. ಆದರೆ ವರ್ಕ್ ಪರ್ಮಿಟ್, ಅಂದರೆ ಎಲ್ಲರೂ ಇಎಡಿ ಅನ್ನುವ ಕಾರ್ಡ್, ಕೈಗೆ ಬರುವವರೆಗೆ ಕೆಲಸ ಮಾಡುವಂತಿಲ್ಲ. 2015ರಿಂದ ಅದು ಎಚ್-4ನಲ್ಲಿರುವ ಕೆಲವರಿಗೆ ಸಿಗುತ್ತಿದೆ. ಸಾಮಾನ್ಯವಾಗಿ ಗಂಡನ ಐ-140, ಅಂದರೆ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ‘ಸಂಬಳ ಇಲ್ಲ, ಆದರೆ ನಮ್ಮ ಕಂಪನಿಗೆ ಒಂದು ಕೋರ್ಸ್ ಮಾಡಿಕೊಡಿ, ಅನುಭವ ಆಗುತ್ತೆ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ವಕೀಲರನ್ನು ಕೇಳದೆ ಒಪ್ಪಬೇಡಿ. ದುಡ್ಡು ತೆಗೆದುಕೊಳ್ಳಲಿಲ್ಲ ಅಂದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಅದು ಕೆಲಸ ಅಲ್ಲ ಅಂತ ಆಗುವುದಿಲ್ಲ. ಪೋರ್ಟ್‌ಫೋಲಿಯೊಗೆ, ಅಂದರೆ ಕೆಲಸ ಹುಡುಕುವಾಗ ತೋರಿಸುವ ಮಾದರಿಗಳಿಗೆ, ನೀವೇ ಕಲ್ಪಿಸಿಕೊಂಡ ಒಂದು ಕಂಪನಿ ಸಾಕು.

ಇನ್ನು ಕೆಲಸದ ವಿಷಯ. ನಿಮಗೆ ಅರ್ಧ ದಾರಿ ಆಗಲೇ ಮುಗಿದಿದೆ. ಪಾಠಯೋಜನೆ ಬರೆದಿದ್ದೀರಿ, ಬಿ.ಎಡ್.ನಲ್ಲಿ ಬ್ಲೂಮ್ ವರ್ಗೀಕರಣ ಓದಿದ್ದೀರಿ. ಕಲಿಕೆಯ ಗುರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದ 1956ರ ಆ ಪಟ್ಟಿಯನ್ನು 2001ರಲ್ಲಿ ತಿದ್ದಿದರು. ಇಲ್ಲಿಯ ಕಂಪನಿಗಳಲ್ಲೂ ಅದು ಬಳಕೆಯಲ್ಲಿದೆ. ಎಲ್ಲರೂ ಜಪಿಸುವ ಆ್ಯಡಿ ಅನ್ನುವ ಕ್ರಮವೂ ನಿಮಗೆ ಹೊಸದಲ್ಲ. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ, ಅಷ್ಟೇ. ಅದರ ಮೂಲ 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ತರಬೇತಿ ಮಾದರಿ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಉಳಿದ ಅರ್ಧವೇ ಕಷ್ಟದ್ದು. ಶಾಲೆಯಲ್ಲಿ ಸಿಲಬಸ್ ಮೇಲಿಂದ ಬರುತ್ತದೆ, ನಾವು ಮುಗಿಸುತ್ತೇವೆ. ಕಂಪನಿಯಲ್ಲಿ ಯಾರೋ ಮ್ಯಾನೇಜರ್ ಬಂದು ‘ಒಂದು ಟ್ರೈನಿಂಗ್ ಬೇಕು’ ಅನ್ನುತ್ತಾರೆ. ಏನು ಕಲಿಸಬೇಕು, ಅಸಲಿಗೆ ಕಲಿಸುವ ಅಗತ್ಯ ಇದೆಯಾ ಅನ್ನುವುದನ್ನು ಕಂಡುಹಿಡಿಯಬೇಕಾದವರು ನೀವು.

ಒಂದು ಉದಾಹರಣೆ ಕೊಡುತ್ತೇನೆ. ಅಕೌಂಟ್ಸ್ ವಿಭಾಗದವರು ಮೋಸದ ಇಮೇಲ್ ನಂಬಿ ಯಾರಿಗೋ ಹಣ ಕಳಿಸುತ್ತಿದ್ದಾರೆ. ಮ್ಯಾನೇಜರ್ ಒಂದು ಉದ್ದನೆಯ ಪವರ್‌ಪಾಯಿಂಟ್ ಕಳಿಸಿ, ‘ಸೈಬರ್ ಸುರಕ್ಷತೆ ಬಗ್ಗೆ ಒಂದು ಗಂಟೆಯ ಕೋರ್ಸ್ ಮಾಡಿ’ ಅನ್ನುತ್ತಾರೆ. ಹೊಸಬರು ಆ ಸ್ಲೈಡ್‌ಗಳಿಗೆ ಬಣ್ಣ ಹಚ್ಚಿ, ಧ್ವನಿ ಸೇರಿಸಿ, ಕೊನೆಗೆ ಹತ್ತು ಪ್ರಶ್ನೆ ಹಾಕಿ ಕೊಟ್ಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಕೇಳಿ: ಹಣ ಕಳಿಸಿದವರು ಯಾರು? ಆ ಹೊತ್ತಿನಲ್ಲಿ ಏನು ಮಾಡಿದರು? ಏನು ಮಾಡಬೇಕಿತ್ತು? ಯಾಕೆ ಮಾಡಲಿಲ್ಲ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬಿಡಬೇಡಿ. ಫೋನ್ ಮಾಡಿ ವಿಚಾರಿಸಬೇಕು ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಸಪ್ಲೈಯರ್ ನಂಬರ್ ಇರುವ ಫೈಲ್ ತೆರೆಯಲು ಅವರಿಗೆ ಅನುಮತಿಯೇ ಇರಲಿಲ್ಲ ಅಂತ ಇಟ್ಟುಕೊಳ್ಳಿ. ಆಗ ಬೇಕಾಗಿರುವುದು ಫೈಲ್‌ಗೆ ಅನುಮತಿ, ಕೋರ್ಸ್ ಅಲ್ಲ. ಅದನ್ನು ಮ್ಯಾನೇಜರ್‌ಗೆ ನೇರವಾಗಿ ಹೇಳುವುದೂ ನಿಮ್ಮ ಕೆಲಸವೇ. ಮೇಲಿನವರು ಹೇಳಿದ್ದಕ್ಕೆ ತಲೆಯಾಡಿಸಿ ರೂಢಿಯಾದ ನಮಗೆ ಇದು ಬಾಯಿಗೆ ಬರುವುದು ನಿಧಾನ. ಇಲ್ಲಿ ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಅನ್ನುವವರನ್ನು ಯಾರೂ ದಡ್ಡರು ಅಂದುಕೊಳ್ಳುವುದಿಲ್ಲ. ಹೊಸಬರಾಗಿರುವುದು ಇಲ್ಲಿ ಲಾಭವೇ. ಒಳಗಿನವರಿಗೆ ‘ಇದು ಗೊತ್ತೇ ಇರುತ್ತೆ ಬಿಡಿ’ ಅನ್ನಿಸುವ ಹೆಜ್ಜೆಗಳಲ್ಲೇ ಹೊಸ ಉದ್ಯೋಗಿಗಳು ಎಡವುವುದು. ಆ ಜಾಗಗಳು ನಿಮ್ಮ ಕಣ್ಣಿಗೆ ಬೇಗ ಬೀಳುತ್ತವೆ.

ಕಲಿಸಲೇಬೇಕು ಅಂತಾದರೆ, ಉದ್ದೇಶದ ಸಾಲನ್ನು ನೆಟ್ಟಗೆ ಬರೆಯಿರಿ. ‘ಸೈಬರ್ ಸುರಕ್ಷತೆಯ ಮಹತ್ವ ಅರಿಯುವರು’ ಅನ್ನುವುದು ಪಾಠಯೋಜನೆಯ ಭಾಷೆ. ಅರಿತರೋ ಇಲ್ಲವೋ ಹೇಗೆ ನೋಡುತ್ತೀರಿ? ‘ಖಾತೆ ಬದಲಾಗಿದೆ ಅನ್ನುವ ಮೇಲ್ ಬಂದಾಗ, ಹಣ ಹಾಕುವ ಮೊದಲು, ಕಂಪನಿ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುವರು’ ಅಂತ ಬರೆದರೆ ಕಣ್ಣಿಗೆ ಕಾಣುತ್ತದೆ, ಪರೀಕ್ಷಿಸಬಹುದು. ಕಲಿಕೆಯ ಉದ್ದೇಶ ಬರೆಯುವುದರ ಬಗ್ಗೆ ಪುಸ್ತಕ ಬರೆದ ರಾಬರ್ಟ್ ಮೇಗರ್ 1962ರಲ್ಲೇ ಇದನ್ನು ಹೇಳಿದ್ದರು: ಏನು ಮಾಡಬೇಕು, ಯಾವ ಸಂದರ್ಭದಲ್ಲಿ, ಎಷ್ಟರ ಮಟ್ಟಿಗೆ ಸರಿಯಾಗಿ.

ಕೋರ್ಸ್‌ನಲ್ಲಿ ಹಾಕುವ ಪ್ರಶ್ನೆಯೂ ಹಾಗೇ. ಇಂಥ ಮೋಸದ ಮೇಲ್‌ಗೆ ಫಿಶಿಂಗ್ ಅನ್ನುತ್ತಾರೆ. ‘ಫಿಶಿಂಗ್ ಎಂದರೇನು?’ ಅಂತ ಕೇಳಿದರೆ ಯಾರು ಬೇಕಾದರೂ ಸರಿ ಉತ್ತರ ಒತ್ತುತ್ತಾರೆ. ಅದರ ಬದಲು ಹೀಗೆ ಬರೆದು ನೋಡಿ: ಶುಕ್ರವಾರ ಸಂಜೆ, ಆಫೀಸ್ ಮುಗಿಯಲು ಹತ್ತು ನಿಮಿಷ. ಎಂದಿನ ಸಪ್ಲೈಯರ್ ಕಡೆಯಿಂದ ಮೇಲ್. ‘ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತೇ ಹಣ ಹಾಕದಿದ್ದರೆ ಸರಕು ನಿಲ್ಲುತ್ತದೆ.’ ಹೆಸರು ಸರಿ, ಲೋಗೊ ಸರಿ, ಇನ್‌ವಾಯ್ಸ್ ನಂಬರ್ ಕೂಡ ಸರಿ. ಬಾಸ್ ಫ್ಲೈಟ್‌ನಲ್ಲಿದ್ದಾರೆ. ಏನು ಮಾಡುತ್ತೀರಿ? ಒಂದು, ಅದೇ ಮೇಲ್‌ಗೆ ಉತ್ತರ ಬರೆದು ವಿಚಾರಿಸುವುದು. ಎರಡು, ಮೇಲ್‌ನ ಕೆಳಗಿರುವ ನಂಬರಿಗೆ ಫೋನ್ ಮಾಡುವುದು. ಮೂರು, ನಮ್ಮ ದಾಖಲೆಯಲ್ಲಿ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡುವುದು.

ಮೂರೂ ಹುಷಾರಿನ ಕೆಲಸದಂತೆಯೇ ಕಾಣುತ್ತವೆ, ಅಲ್ವಾ? ಆದರೆ ಮೊದಲ ಎರಡು ನೇರವಾಗಿ ಕಳ್ಳನ ಹತ್ತಿರವೇ ಹೋಗುತ್ತವೆ. ಎರಡನೆಯದನ್ನು ಒತ್ತಿದವರಿಗೆ ‘ತಪ್ಪು ಉತ್ತರ, ಮತ್ತೆ ಪ್ರಯತ್ನಿಸಿ’ ಅನ್ನಬೇಡಿ. ‘ಫೋನ್ ಎತ್ತಿದವನು ಹೌದು ಅಂದ. ನೀವು ಹಣ ಹಾಕಿದಿರಿ. ಸೋಮವಾರ ನಿಜವಾದ ಸಪ್ಲೈಯರ್ ಫೋನ್ ಮಾಡಿ, ನಮ್ಮ ದುಡ್ಡು ಯಾವಾಗ ಬರುತ್ತೆ ಅಂತ ಕೇಳಿದರು’ ಅಂತ ತೋರಿಸಿ. ಏನಾಯಿತು ಅನ್ನುವುದು ಓದಿದವರಿಗೇ ಹೊಳೆಯುತ್ತದೆ. ಇಂಥ ಒಂದು ಪ್ರಶ್ನೆ ಬರೆಯಲು ಅರ್ಧ ದಿನ ಹಿಡಿದರೂ ಪರವಾಗಿಲ್ಲ. ಎಐ ಕೇಳಿದರೆ ಒಂದು ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆ ಕೊಡುತ್ತದೆ. ಆದರೆ ತಪ್ಪು ಆಯ್ಕೆಗಳು ಹೆಚ್ಚಾಗಿ ಪೆದ್ದುಪೆದ್ದಾಗಿರುತ್ತವೆ, ಓದದವರೂ ಪಾಸಾಗುತ್ತಾರೆ. ನಂಬುವಂಥ ತಪ್ಪು ಬರೆಯಲು ಆ ಕೆಲಸ ಮಾಡುವವರ ಜೊತೆ ಕೂತು ಮಾತಾಡಿರಬೇಕು.

ಇಷ್ಟಾದ ಮೇಲೆ ಸಾಫ್ಟ್‌ವೇರ್. ಜಾಹೀರಾತುಗಳಲ್ಲಿ ಜಾಸ್ತಿ ಕಾಣುವುದು ಆರ್ಟಿಕ್ಯುಲೇಟ್ ಸ್ಟೋರಿಲೈನ್ ಮತ್ತು ರೈಸ್. ಅಡೋಬಿ ಕ್ಯಾಪ್ಟಿವೇಟ್ ಕೂಡ ಇದೆ. ಆರ್ಟಿಕ್ಯುಲೇಟ್‌ನವರು 30 ದಿನ ಉಚಿತವಾಗಿ ಬಳಸಲು ಕೊಡುತ್ತಾರೆ. ಎಲ್ಲರೂ ಹುಮ್ಮಸ್ಸಿನಲ್ಲಿ ಮೊದಲ ದಿನವೇ ಅದನ್ನು ಶುರು ಮಾಡಿ, ಏನು ಮಾಡಬೇಕು ಅಂತ ಯೋಚಿಸುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಸ್ಟೋರಿಬೋರ್ಡ್, ಅಂದರೆ ಪ್ರತಿ ಪರದೆಯಲ್ಲಿ ಏನಿರುತ್ತದೆ ಅನ್ನುವ ಕರಡು, ಪೂರ್ತಿ ಬರೆದು, ನಾಲ್ಕು ಜನರಿಗೆ ತೋರಿಸಿ, ತಿದ್ದಿ, ಆಮೇಲೆ ಶುರು ಮಾಡಿ. ಸ್ಕಾರ್ಮ್ ಅಂದರೇನು ಅಂತ ಮಾತ್ರ ತಿಳಿದಿರಲಿ. ಕೋರ್ಸ್ ಮತ್ತು ಎಲ್‌ಎಂಎಸ್ (ಕಂಪನಿ ತನ್ನ ಕೋರ್ಸ್‌ಗಳನ್ನು ಇಟ್ಟು, ಯಾರು ಮುಗಿಸಿದರು ಅಂತ ನೋಡುವ ಸಾಫ್ಟ್‌ವೇರ್) ಒಂದಕ್ಕೊಂದು ಮಾತಾಡುವ ತಾಂತ್ರಿಕ ಒಪ್ಪಂದ ಅದು. 2001ರ 1.2 ಆವೃತ್ತಿ ಇನ್ನೂ ಎಲ್ಲೆಡೆ ಓಡುತ್ತಿದೆ. ಕಲಿಯುವವರು ಎಲ್ಲಿ ನಿಲ್ಲಿಸಿದರು ಅನ್ನುವ ಮಾಹಿತಿಗೆ ಅದರಲ್ಲಿ 4096 ಅಕ್ಷರದಷ್ಟೇ ಜಾಗ. ಕೋರ್ಸ್ ತೀರಾ ಉದ್ದವಾದರೆ ‘ನಿನ್ನೆ ಬಿಟ್ಟ ಜಾಗದಿಂದ ಶುರುವಾಗುತ್ತಿಲ್ಲ’ ಅನ್ನುವ ದೂರು ಬರಲು ಇದೂ ಒಂದು ಕಾರಣ.

ಟೀಚರ್‌ಗಳು ಬಿಡಬೇಕಾದ ಅಭ್ಯಾಸ ಒಂದಿದೆ. ಪರದೆ ಮೇಲೆ ಇರುವ ವಾಕ್ಯಗಳನ್ನೇ ಧ್ವನಿಯಲ್ಲಿ ಓದಿಸುವುದು. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ, ತಲೆಗೆ ಎರಡೂ ಹೊರೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಸಂಶೋಧನೆ ಇದನ್ನೇ ಹೇಳುತ್ತದೆ: ಧ್ವನಿ ಇದ್ದರೆ ಪರದೆಯಲ್ಲಿ ಚಿತ್ರ ಇರಲಿ, ಪೂರ್ತಿ ವಾಕ್ಯ ಬೇಡ. ಹಾಗಂತ ಕ್ಯಾಪ್ಶನ್ ತೆಗೆಯಬೇಡಿ. ಬೇಕಾದವರು ಆನ್ ಮಾಡಿಕೊಳ್ಳುವಂತೆ ಇಡಿ. ಇಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಇಲಾಖೆಗಳ ಕೆಲಸಕ್ಕೆ ಸೆಕ್ಷನ್ 508 ಅನ್ನುವ ಕಾನೂನು ಕಡ್ಡಾಯ. ಅಂಗವಿಕಲರೂ ಬಳಸುವಂತೆ ಕೋರ್ಸ್ ಇರಬೇಕು. ಮಾಮೂಲಿ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢ ಬಣ್ಣದ ವ್ಯತ್ಯಾಸ, ಮೌಸ್ ಇಲ್ಲದೆ ಕೀಬೋರ್ಡ್‌ನಲ್ಲೇ ಎಲ್ಲ ಮಾಡುವ ಅನುಕೂಲ. ಮೌಸ್‌ನಿಂದ ಎಳೆದು ಬಿಡುವ ಆಟಗಳು ನೋಡಲು ಚೆಂದ, ಇಲ್ಲಿ ಮಾತ್ರ ಕೈ ಕೊಡುತ್ತವೆ. ಪೋರ್ಟ್‌ಫೋಲಿಯೊದಲ್ಲಿ ಇದನ್ನೆಲ್ಲ ಯೋಚಿಸಿದ್ದೀರಿ ಅಂತ ಒಂದು ಸಾಲು ಬರೆದಿಡಿ, ನೋಡುವವರು ಗಮನಿಸುತ್ತಾರೆ.

ಸಂದರ್ಶನದಲ್ಲಿ ‘ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಅದಕ್ಕೆ ತಕ್ಕಂತೆ ಪಾಠ ಮಾಡುತ್ತೇನೆ’ ಅನ್ನಬೇಡಿ. ಬಿ.ಎಡ್.ನಲ್ಲಿ ಕಲಿತಿರಬಹುದು. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅಧ್ಯಯನಗಳನ್ನೆಲ್ಲ ಜಾಲಾಡಿ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದರು. ವಿಷಯ ಬಲ್ಲವರ ಮುಂದೆ ಆ ಮಾತು ಮುಳುವಾಗುತ್ತದೆ.

ಮಾಸ್ಟರ್ಸ್? ಯೂನಿವರ್ಸಿಟಿಗಳಲ್ಲಿ ಕೆಲಸ ಬೇಕಾದರೆ ಹೆಚ್ಚಾಗಿ ಕೇಳುತ್ತಾರೆ. ಕಂಪನಿಗಳಲ್ಲಿ ಪೋರ್ಟ್‌ಫೋಲಿಯೊದ ಮಾತೇ ಜಾಸ್ತಿ. ಸಾಲ ಮಾಡಿ ಸೇರುವುದು ನನಗಂತೂ ಸರಿ ಕಾಣುವುದಿಲ್ಲ. ಇಎಡಿ ಬರಲು ವರ್ಷಗಳಿವೆ, ಕೈಯಲ್ಲಿ ದುಡ್ಡಿದೆ ಅನ್ನುವುದಾದರೆ ಬೇರೆ ಮಾತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಲ್ಲಿಯ ಟೀಚರ್‌ಗಳೂ ಶಾಲೆ ಬಿಟ್ಟು ಇದೇ ಕೆಲಸಕ್ಕೆ ಬರುತ್ತಿದ್ದಾರೆ, ಪೈಪೋಟಿ ಇದೆ. ಕೆಲಸಗಳಲ್ಲಿ ಕಾಂಟ್ರಾಕ್ಟ್‌ಗಳೇ ಬಹಳ. ಕಂಪನಿಗೆ ಕಷ್ಟ ಬಂದಾಗ ಟ್ರೈನಿಂಗ್ ಬಜೆಟ್‌ಗೆ ಬೇಗ ಕತ್ತರಿ ಬೀಳುತ್ತದೆ. ಹುಡುಕುವಾಗ ಒಂದೇ ಹೆಸರು ಹಿಡಿದು ಕೂರಬೇಡಿ. ಟ್ರೈನಿಂಗ್ ಸ್ಪೆಷಲಿಸ್ಟ್, ಇ-ಲರ್ನಿಂಗ್ ಡೆವಲಪರ್, ಲರ್ನಿಂಗ್ ಎಕ್ಸ್‌ಪೀರಿಯನ್ಸ್ ಡಿಸೈನರ್, ಎಲ್ಲದರಲ್ಲೂ ನೋಡಿ.

ಸದ್ಯಕ್ಕೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಆರಿಸಿಕೊಳ್ಳಿ. ಸೈನ್ಸ್ ಲ್ಯಾಬ್‌ನಲ್ಲಿ ಆಸಿಡ್ ಚೆಲ್ಲಿದರೆ ಏನು ಮಾಡಬೇಕು ಅನ್ನುವುದಾದರೂ ಸರಿ. ಒಂದು ಉದ್ದೇಶ, ಮೂರು ಸನ್ನಿವೇಶದ ಪ್ರಶ್ನೆ, ಪ್ರತಿ ತಪ್ಪಿಗೂ ಅದರಿಂದ ಏನಾಗುತ್ತದೆ ಅನ್ನುವುದು. ಬಣ್ಣ, ಅನಿಮೇಶನ್ ಏನೂ ಬೇಡ, ವರ್ಡ್ ಫೈಲ್ ಸಾಕು. ಬರೆದಾದ ಮೇಲೆ ಕಳಿಸಿ, ಓದಿ ಕೆಂಪಕ್ಷರದಲ್ಲಿ ತಿದ್ದಿ ಕೊಡುತ್ತೇನೆ.