ತಂಗಿ ಉಡುಪಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್, ಈಗ ಗರ್ಭಿಣಿ. ಕೆಲಸ ಬಿಡಿಸಬೇಕೇ?

ಬಿಡಿಸಬೇಕಾಗಿಲ್ಲ. ಆದರೆ ವಿಷಯವನ್ನು ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ಇವತ್ತೇ ಬರೆದು ಕೊಡಲಿ. ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ ಎಂದು ಮನೆಯವರು ತಡೆಯಬೇಡಿ. ಜಾಗ್ರತೆ ಹೆಚ್ಚು ಬೇಕಾದ ದಿನಗಳೇ ಅವು.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಮಿತಿ. ಗರ್ಭಿಣಿ ಎಂದು ತಿಳಿಸಿದ ಮೇಲೆ ಮಗುವಿಗೆ ಉಳಿದ ಅವಧಿಗೆಲ್ಲ ಸೇರಿ 1 ಮಾತ್ರ. ಗೋಡೆಯ ಹಿಂದೆ ನಿಂತು ಎಕ್ಸ್‌ರೇ, ಸಿಟಿ ತೆಗೆಯುವವರಿಗೆ ಇದರೊಳಗೆ ಇರುವುದು ಕಷ್ಟವಲ್ಲ. ಎಕ್ಸ್‌ರೇಯಲ್ಲಿ ನೋಡುತ್ತಲೇ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬ್ ಡ್ಯೂಟಿ ಬೇಡ, ಅತ್ತು ಹೊರಳಾಡುವ ಮಕ್ಕಳನ್ನು ಹಿಡಿದುಕೊಳ್ಳುವುದಂತೂ ಬೇಡವೇ ಬೇಡ.

ವಾರ್ಡಿಗೆ ಪೋರ್ಟಬಲ್ ಮಷಿನ್ ಒಯ್ದಾಗ ಕಿರಣ ಚದುರುವುದು ರೋಗಿಯ ಮೈಯಿಂದ. ಒಂದು ಮೀಟರಿನಿಂದ ಎರಡಕ್ಕೆ ಸರಿದರೆ ಪ್ರಮಾಣ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎಕ್ಸ್‌ಪೋಶರ್ ಸ್ವಿಚ್ಚಿನ ವೈರನ್ನು ಪೂರ್ತಿ ಎಳೆದೇ ಒತ್ತಲಿ. ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲೆ, ಕಿರಣ ತಡೆಯುವ ಲೆಡ್ (ಸೀಸದ) ಏಪ್ರನ್ನಿನ ಒಳಗೆ ಇರಬೇಕು. ಅದನ್ನು ಡ್ರಾಯರಿನಲ್ಲಿಟ್ಟು ಕೆಲಸ ಮಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆಕೆಯ ಹಳೆಯ ಬ್ಯಾಡ್ಜ್ ವರದಿಗಳನ್ನು ಕೇಳಿ ಪಡೆಯಿರಿ. ಅದು ಆಕೆಯ ಹಕ್ಕು.